ಮೆಣಸಿನಕಾಯಿಯ ತವರಿನಲ್ಲಿ ಒಂದು ಮಧ್ಯಾಹ್ನ

ವಿದೇಶದಲ್ಲಿರುವ ಕನ್ನಡಿಗರು ಮೆಕ್ಸಿಕನ್ ಹೋಟೆಲಿಗೆ ಹೋದಾಗಲೆಲ್ಲ "ಥೇಟ್ ನಮ್ಮ ಊಟದ ಹಾಗೆಯೇ ಇದೆ" ಎಂಬ ಮಾತು ತಪ್ಪದೆ ಕೇಳಿಬರುತ್ತದೆ. ಹತ್ತು ವರ್ಷಗಳಿಂದ ಅಮೆರಿಕದಲ್ಲಿರುವ ನಾನೂ ಅನ್ನ, ಬೇಯಿಸಿದ ಕಾಳು, ಖಾರದ ಚಟ್ನಿ ಸಿಕ್ಕಿದ ಸಮಾಧಾನದಲ್ಲಿ ಈ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಕಳೆದ ಅಕ್ಟೋಬರ್ ಕೊನೆಯ ವಾರದಲ್ಲಿ ನಾಲ್ವರು ಗೆಳೆಯರೊಡನೆ ದಕ್ಷಿಣ ಮೆಕ್ಸಿಕೋದ ವಹಾಕಾ ನಗರದಲ್ಲಿ ಆರು ದಿನ ಉಂಡು ಬಂದ ಮೇಲೆ ಅದು ಬಾಯಿಂದ ಹೊರಡುವುದಿಲ್ಲ. ಹೋಲಿಕೆಯನ್ನು ನಾವು ತಲೆಕೆಳಗಾಗಿ ಹೇಳುತ್ತಿದ್ದೇವೆ ಎಂಬುದು ಈಗಿನ ನನ್ನ ಅಭಿಪ್ರಾಯ.

ನಮ್ಮ ಸಾರಿನ ಮೆಣಸಿನಕಾಯಿ, ಟೊಮೆಟೊ, ಹುಳಿಗೆ ಹಾಕುವ ಸೀಮೆಬದನೆ, ಹಿತ್ತಿಲಿನ ಸಪೋಟ, ಆಯುಧಪೂಜೆಯ ಚೆಂಡು ಹೂವು, ಇವೆಲ್ಲವೂ ಆ ಸೀಮೆಯಿಂದ ಹೊರಟು ಬಂದವು. ಮೆಣಸಿನಕಾಯಿಯನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದರು. ನಮ್ಮ ಹೊಲಗಳ ಬೇಲಿಯಲ್ಲಿ ಮುಳ್ಳೆಂದು ದೂರವಿಡುವ ಪಾಪಾಸುಕಳ್ಳಿಯನ್ನು ಅಲ್ಲಿ ಮುಳ್ಳು ಹೆರೆದು, ಹೆಚ್ಚಿ, ಈರುಳ್ಳಿಯೊಡನೆ ಪಲ್ಯ ಮಾಡಿ ಬಡಿಸಿದಾಗ ನಾವು ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಿಡ ನಮ್ಮಲ್ಲಿಗೂ ಬಂದಿತ್ತು, ಅದನ್ನು ಉಣ್ಣುವ ಬಗೆ ಬಂದಿರಲಿಲ್ಲ.

ಮೆಕ್ಕೆಜೋಳದ ವಿಷಯದಲ್ಲಿ ಇದು ಇನ್ನೂ ದೊಡ್ಡ ನಷ್ಟ. ಅಲ್ಲಿಯವರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೆಯೇ ನೆನೆಯಲು ಬಿಟ್ಟು, ಸಿಪ್ಪೆ ಜಾರಿಸಿ ತೊಳೆದು, ಆಮೇಲೆ ಅರೆಯುತ್ತಾರೆ. ಹೀಗೆ ಸುಣ್ಣದಲ್ಲಿ ಬೆಂದು ನೆನೆದ ಜೋಳಕ್ಕೆ ನಿಕ್ಸ್ತಮಾಲ್ ಎನ್ನುತ್ತಾರೆ. ಸುಣ್ಣ ಸೋಕಿದಾಗಲೇ ಜೋಳದೊಳಗೆ ಬಂಧಿಯಾಗಿರುವ ನಿಯಾಸಿನ್ ಎಂಬ ಜೀವಸತ್ವ ನಮ್ಮ ಮೈಗೆ ದಕ್ಕುವಂತಾಗುತ್ತದೆ, ಹಿಟ್ಟು ಮುರಿಯದೆ ರೊಟ್ಟಿಯಾಗಿ ನಿಲ್ಲುತ್ತದೆ. ಕಾಳನ್ನು ಮಾತ್ರ ಹೊತ್ತೊಯ್ದು ಈ ಸುಣ್ಣದ ವಿದ್ಯೆಯನ್ನು ಬಿಟ್ಟುಹೋದ ಉತ್ತರ ಇಟಲಿಯಲ್ಲೂ, ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ, ಜೋಳವನ್ನೇ ನಂಬಿ ಬದುಕಿದ ಬಡವರು ನಿಯಾಸಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗದಿಂದ ನರಳಿ ಸತ್ತರು. ಎಲೆಯಡಿಕೆಗೆ ಸುಣ್ಣ ಹಚ್ಚುವುದನ್ನು ಬಲ್ಲ ನಮಗೂ ಜೋಳಕ್ಕೆ ಸುಣ್ಣ ಹಾಕಬಹುದೆಂದು ಯಾರೂ ಹೇಳಿಕೊಡಲಿಲ್ಲ. ವಹಾಕಾದ ಹೋಟೆಲಿನ ಅಂಗಳದಲ್ಲಿ ಮಣ್ಣಿನ ಹೆಂಚಿನ ಮೇಲೆ ಉಬ್ಬಿ ಇಳಿದ ಮೊದಲ ತೋರ್ತಿಯಾದ, ಅಂದರೆ ಈ ಜೋಳದ ರೊಟ್ಟಿಯ, ವಾಸನೆ ಮಳೆ ಬಿದ್ದ ಗೋಡೆಯ ವಾಸನೆಯಂತಿತ್ತು.

ಇನ್ನು ಮೋಲೆ. ಮೆಕ್ಸಿಕೋದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯ 'ಮೊಲ್ಲಿ' ಎಂಬ ಮಾತಿನಿಂದ ಬಂದ ಈ ಹೆಸರನ್ನು ಕನ್ನಡದಲ್ಲಿ ಗೊಜ್ಜು ಎಂದರೆ ಅರ್ಥಕ್ಕೆ ಮೋಸವಾಗದು. ವಹಾಕಾಕ್ಕೆ ಏಳು ಮೋಲೆಗಳ ನಾಡೆಂದು ಹೆಸರು, ಅವುಗಳಲ್ಲಿ ಕಪ್ಪು ಮೋಲೆಯದೇ ಹಿರಿತನ. ಚಿಲ್‌ವಾಕ್ಲೆ ಮೊದಲಾದ ಒಣಮೆಣಸಿನಕಾಯಿಗಳನ್ನು ಕರಿಯಾಗುವವರೆಗೆ ಹುರಿದು, ಬೀಜವನ್ನೂ ಒಂದು ತೋರ್ತಿಯಾವನ್ನೂ ಸುಟ್ಟು, ಎಳ್ಳು, ಬಾದಾಮಿ, ಒಣದ್ರಾಕ್ಷಿ, ಬಾಳೆಹಣ್ಣು, ಟೊಮೆಟೊ, ಚಕ್ಕೆ, ಲವಂಗ, ಕರಿಮೆಣಸು ಸೇರಿಸಿ ಅರೆದು, ಕೊನೆಗೆ ಕೋಕೋ ಕರಗಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯನ್ನು ಖಾರಕ್ಕಿಂತ ಬಣ್ಣಕ್ಕೂ ಪರಿಮಳಕ್ಕೂ ಆರಿಸುವ ನಮಗೆ ಈ ಅಡುಗೆಯ ತರ್ಕ ಬೇಗ ಹಿಡಿಯಬೇಕು. ಅವರಲ್ಲಿ ಮೆಣಸಿನಕಾಯಿ ಹಸಿಯಿದ್ದಾಗ ಒಂದು ಹೆಸರು, ಒಣಗಿದಾಗ ಇನ್ನೊಂದು: ಪೊಬ್ಲಾನೋ ಒಣಗಿದರೆ ಆಂಚೋ, ಹಲಪೇನ್ಯೋ ಹೊಗೆಯಲ್ಲಿ ಒಣಗಿದರೆ ಚಿಪೋಟ್ಲೆ. ಆ ಬೋಗುಣಿಯಲ್ಲಿ ನಮ್ಮ ಪಾಲೂ ಇದೆಯೆಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಚಕ್ಕೆ, ಲವಂಗ, ಕರಿಮೆಣಸು ಏಷ್ಯಾದವು. ಸ್ಪೇನಿನವರ ಕಾಲದಲ್ಲಿ ಅವು ಒಂದಿಷ್ಟು ಯೂರೋಪಿನ ದಾರಿಯಿಂದ, ಒಂದಿಷ್ಟು 1565ರಿಂದ 1815ರವರೆಗೆ ಫಿಲಿಪೀನ್ಸಿನ ಮನಿಲಾಕ್ಕೂ ಮೆಕ್ಸಿಕೋದ ಅಕಾಪುಲ್ಕೋಗೂ ನಡುವೆ ಓಡಾಡಿದ ಹಡಗುಗಳಿಂದ ಅಲ್ಲಿಗೆ ತಲುಪಿದವು.

ನಮ್ಮಲ್ಲೊಬ್ಬಳು ಸಸ್ಯಾಹಾರಿ. ಮೋಲೆಗೆ ಕೋಳಿಯ ಸಾರು ಬೆರೆಸಿರುವುದನ್ನೂ, ಕಾಳು ಬೇಯಿಸಲು ಹಂದಿಯ ಕೊಬ್ಬು ಹಾಕಿರುವುದನ್ನೂ ಹೋಟೆಲಿನಾಕೆ ಕೇಳುವ ಮೊದಲೇ ತಿಳಿಸಿ, ಆಕೆಗೆಂದೇ ಕುಂಬಳ ಹೂವು ಮತ್ತು ಎಳೆಎಳೆಯ ಚೀಸ್ ತುಂಬಿದ ರೊಟ್ಟಿಯನ್ನು ಸುಟ್ಟುಕೊಟ್ಟಳು. ಕುಡಿಯಲು ಕೆಂಪು ಹಮೈಕಾ ಪಾನಕ ಬಂತು. ಅದು ಉತ್ತರ ಕರ್ನಾಟಕದ ಪುಂಡಿಯ ಗಿಡದ, ಹೂವಿನ ಬುಡದಲ್ಲಿರುವ ಪುಷ್ಪಪಾತ್ರೆಯಿಂದಲೇ ಮಾಡಿದ್ದು.

ಅಲ್ಲಿ ದಿನದ ದೊಡ್ಡ ಊಟ ಮಧ್ಯಾಹ್ನ ಎರಡರ ಮೇಲೆ. ಎದ್ದು ಹೋಗುವ ಅಪರಿಚಿತರು ಕೂಡ ನಮ್ಮ ಮೇಜಿನ ಬಳಿ ಕ್ಷಣ ನಿಂತು "ಬುವೆನ್ ಪ್ರೊವೆಚೊ" ಎಂದು ಹರಸಿ ಹೋಗುತ್ತಿದ್ದರು. ಊಟ ಮುಗಿದ ಮೇಲೆ ಮೇಜು ಬಿಡದೆ ಮಾತಾಡುತ್ತ ಕೂರುವುದಕ್ಕೆ ಅವರು ಸೋಬ್ರೆಮೇಸಾ ಎನ್ನುತ್ತಾರೆ. ನಾವು ಕೇಳುವವರೆಗೆ ಬಿಲ್ಲು ಬರುವುದಿಲ್ಲ, ತಂದಿಟ್ಟರೆ ಅದು ಏಳಿ ಎಂದಂತೆ. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೋ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಓದಿ ತಿಳಿದಿದ್ದ ಆ ಮಾತಿನ ಅರ್ಥ ನನಗಾದದ್ದು ಈ ಕುಳಿತಿರುವಿಕೆಯಲ್ಲಿ. ಕಾರಿನಲ್ಲಿ ಕೂತು ರೊಟ್ಟಿಯಲ್ಲಿ ಸುತ್ತಿದ ಬುರಿಟೋ ತಿಂದು ಕೆಲಸಕ್ಕೆ ಓಡುವವರಿಗೆ, ಹೆಚ್ಚಿನ ದಿನ ನಾನೂ ಅವರಲ್ಲೊಬ್ಬ, ಅದು ಸಿಗುವಂಥದ್ದಲ್ಲ.

ನಾವಿದ್ದದ್ದು ಸತ್ತವರ ಹಬ್ಬದ ವಾರ. ಹೋಟೆಲಿನ ಮೂಲೆಯಲ್ಲಿ ಚೆಂಡು ಹೂವಿನ ಕಮಾನಿನ ಕೆಳಗೆ ಆ ಮನೆಯ ಹಿರಿಯರ ಚಿತ್ರಗಳನ್ನಿಟ್ಟು, ಮುಂದೆ ಒಂದು ತಟ್ಟೆ ಮೋಲೆ, ಒಂದು ಲೋಟ ನೀರು ಇಟ್ಟಿದ್ದರು. ಹಿರಿಯರಿಗೆ ಎಡೆ ಇಡುವ ಮನೆಗಳಿಂದ ಬಂದ ನಮಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹನ್ನೆರಡು ವರ್ಷಗಳಿಂದ ನನಗೆ ಪರಿಚಯವಿರುವ, ಹೆಚ್ಚು ಮಾತಾಡದ ಗೆಳೆಯನೊಬ್ಬ ಅದನ್ನು ನೋಡುತ್ತ ತನ್ನ ತಾಯಿ ಮಾಡುತ್ತಿದ್ದ ಬಸ್ಸಾರಿನ ಬಗ್ಗೆ ಹೇಳತೊಡಗಿದ. ಆಕೆ ತೀರಿಕೊಂಡಾಗ ಅವನಿಗೆ ಊರಿಗೆ ಹೋಗಲು ಆಗಿರಲಿಲ್ಲವೆಂಬುದು ನಮಗೆ ಅಂದೇ ತಿಳಿದದ್ದು. ನಾವು ಬಿಲ್ಲು ಕೇಳಿದಾಗ ಸಂಜೆ ಆರೂವರೆ ದಾಟಿತ್ತು.