ಮರಾಕೆಶ್‌ನ ಆ ಗೋಡೆ ಉಜ್ಜಿದವರು ಯಾರು?

ಮೊರಾಕೊದಿಂದ ಬಂದು ಹತ್ತು ದಿನ ಆಯ್ತು. ಫೋಟೊ ನೋಡಿದವರೆಲ್ಲ ಒಂದೇ ಮಾತು ಕೇಳುತ್ತಿದ್ದಾರೆ: "ಎರಡು ರಾತ್ರಿ ಮಲಗೋಕೆ ಅಷ್ಟೊಂದು ದುಡ್ಡಾ?" ಮೊದಲು ಕೇಳಿದ್ದು ನಮ್ಮ ಚಿಕ್ಕಮ್ಮ. ಫೋನಿನಲ್ಲಿ ಅವರಿಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಮದುವೆಯಾಗಿ ಮೂವತ್ತು ವರ್ಷ ತುಂಬಿತು. ಮಗಳು ಪ್ಯಾರಿಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಂದ ಮರಾಕೆಶ್‌ಗೆ ವಿಮಾನದಲ್ಲಿ ಮೂರೂವರೆ ಗಂಟೆ ಅಷ್ಟೆ. ಎಲ್ಲ ಅವಳೇ ಬುಕ್ ಮಾಡಿದ್ದಳು. ಮೊದಲ ಎರಡು ರಾತ್ರಿ ಲಾ ಮಾಮೂನಿಯಾ ಹೋಟೆಲ್‌ನಲ್ಲಿ. ಆಮೇಲೆ ನಾಲ್ಕು ದಿನ ಹಳೆ ಊರಿನ ಒಂದು ಪುಟ್ಟ ರಿಯಾದ್‌ನಲ್ಲಿ. ರಿಯಾದ್ ಅಂದರೆ ನಮ್ಮ ತೊಟ್ಟಿಮನೆ ಇದ್ದ ಹಾಗೆ. ನಡುವೆ ಅಂಗಳ, ಸುತ್ತ ಕೋಣೆಗಳು. ಮಾಮೂನಿಯಾದ ಒಂದು ರಾತ್ರಿಯ ದುಡ್ಡಿನಲ್ಲಿ ಆ ರಿಯಾದ್‌ನಲ್ಲಿ ಒಂದು ವಾರ ಇರಬಹುದಿತ್ತು. ಚಿಕ್ಕಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ.

ಹೋಟೆಲ್ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಬಾಗಿಲಲ್ಲಿ ಉದ್ದನೆಯ ನಿಲುವಂಗಿ, ಕೆಂಪು ಟೋಪಿ ಹಾಕಿಕೊಂಡವರು ನಿಂತಿರುತ್ತಾರೆ. ಒಳಗೆ ಹೋದ ತಕ್ಷಣ ಖರ್ಜೂರ ಮತ್ತು ತಣ್ಣನೆಯ ಬಾದಾಮಿ ಹಾಲು ಕೊಟ್ಟರು. ಹಿಂದುಗಡೆ ತೋಟ. ಇಪ್ಪತ್ತು ಎಕರೆಯ ಹತ್ತಿರ ಇದೆ. ಆಲಿವ್ ಮರ, ಕಿತ್ತಳೆ ಮರ, ತರಕಾರಿ ಮಡಿಗಳು. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಅಟ್ಲಾಸ್ ಬೆಟ್ಟದ ಹಿಮ ಕಾಣುತ್ತದೆ. ಬೆಳಿಗ್ಗೆ ಆರು ಗಂಟೆಗೆ ಆ ಆಲಿವ್ ಸಾಲಿನಲ್ಲಿ ನಾವಿಬ್ಬರೇ ನಡೆದೆವು. ನಮ್ಮ ಯಜಮಾನರು ಮಾತಾಡದೆ ಅರ್ಧ ಗಂಟೆ ಇದ್ದಿದ್ದು ನಾನು ಅವತ್ತೇ ನೋಡಿದ್ದು.

ಈ ತೋಟಕ್ಕೆ ದೊಡ್ಡ ಕಥೆ ಇದೆ. 18ನೇ ಶತಮಾನದಲ್ಲಿ ಸುಲ್ತಾನ್ ಸಿದಿ ಮೊಹಮ್ಮದ್ ಬೆನ್ ಅಬ್ದಲ್ಲಾ ತನ್ನ ಮಗ ಮಾಮೂನ್‌ಗೆ ಮದುವೆಯ ಉಡುಗೊರೆಯಾಗಿ ಕೊಟ್ಟ ತೋಟವಂತೆ. ಹೋಟೆಲ್‌ಗೆ ಅವನದೇ ಹೆಸರು. ಹೋಟೆಲ್ ಶುರುವಾಗಿದ್ದು 1923ರಲ್ಲಿ, ಫ್ರೆಂಚರ ಆಡಳಿತದ ಕಾಲದಲ್ಲಿ. ನಕ್ಷೆ ಹಾಕಿದವರು ಹೆನ್ರಿ ಪ್ರೋಸ್ಟ್ ಮತ್ತು ಆಂಟೊಯ್ನ್ ಮಾರ್ಕಿಸಿಯೊ. 2006ರಿಂದ 2009ರವರೆಗೆ ಬಾಗಿಲು ಹಾಕಿ ಒಳಗೆಲ್ಲ ಹೊಸದಾಗಿ ಮಾಡಿಸಿದರು. ಆ ವಿನ್ಯಾಸ ಜಾಕ್ ಗಾರ್ಸಿಯಾ ಅವರದು. ಚರ್ಚಿಲ್‌ಗೆ ಈ ಜಾಗ ಅಂದರೆ ಪ್ರಾಣ. ಅವರ ಹೆಸರಿನ ಬಾರ್ ಇಲ್ಲಿದೆ. 1943ರ ಜನವರಿಯಲ್ಲಿ, ಯುದ್ಧದ ನಡುವೆ, ಅವರು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಮರಾಕೆಶ್‌ಗೆ ಕರೆದುಕೊಂಡು ಬಂದಿದ್ದರು. ಅಟ್ಲಾಸ್ ಮೇಲೆ ಸೂರ್ಯ ಮುಳುಗುವುದನ್ನು ತೋರಿಸಬೇಕು ಅಂತ. ಆಮೇಲೆ ಕುತುಬಿಯಾ ಮಸೀದಿಯ ಗೋಪುರದ ಚಿತ್ರ ಬರೆದು ಅವರಿಗೇ ಕೊಟ್ಟರು. ಆ ಚಿತ್ರ 2021ರ ಹರಾಜಿನಲ್ಲಿ ನಮ್ಮ ಲೆಕ್ಕದಲ್ಲಿ 80 ಕೋಟಿ ರೂಪಾಯಿಗೂ ಜಾಸ್ತಿಗೆ ಹೋಯಿತು.

ಇದೆಲ್ಲ ಹೋಗುವ ಮುಂಚೆಯೇ ಓದಿಕೊಂಡಿದ್ದೆ. ಓದದೇ ಇದ್ದದ್ದು ಬಚ್ಚಲುಮನೆಯ ಗೋಡೆ.

ಮೊದಲ ರಾತ್ರಿ ಕೈ ತೊಳೆಯಲು ಹೋದವಳು ಅಲ್ಲೇ ನಿಂತುಬಿಟ್ಟೆ. ಗೋಡೆಗೆ ಟೈಲ್ಸ್ ಇಲ್ಲ, ಬಣ್ಣ ಇಲ್ಲ. ಸಂದು ಅನ್ನುವುದೇ ಇಲ್ಲ. ಬೆಣ್ಣೆಯ ಹಾಗೆ ನುಣುಪು, ಮುಟ್ಟಿದರೆ ತಂಪು. ಅದರ ಹೆಸರು ತಡೆಲಕ್ತ್. ಬರೀ ಸುಣ್ಣದ ಕೆಲಸ. ಅಲ್ಲಿನ ಸುಣ್ಣದ ಗಾರೆ ಬಳಿದು, ಅದು ಗಟ್ಟಿಯಾಗುತ್ತಾ ಬರುವ ಹೊತ್ತಿಗೆ ನುಣುಪಾದ ಗುಂಡುಕಲ್ಲಿನಿಂದ ಉಜ್ಜುತ್ತಾರೆ. ಆಮೇಲೆ ಆಲಿವ್ ಎಣ್ಣೆಯ ಕಪ್ಪು ಸೋಪು ಹಚ್ಚಿ ಮತ್ತೆ ಉಜ್ಜುತ್ತಾರೆ. ಸೋಪು ಸುಣ್ಣದ ಜೊತೆ ಸೇರಿ ನೀರು ಒಳಗೆ ಹೋಗದ ಪದರ ಆಗುತ್ತದೆ. ಅವರ ಭಾಷೆಯಲ್ಲಿ ಆ ಹೆಸರಿನ ಮೂಲವೇ 'ಉಜ್ಜುವುದು' ಅಂತ.

ನಮ್ಮಪ್ಪ ಗಾರೆ ಕೆಲಸದವರು. ಮೈಸೂರಿನಲ್ಲಿ ಐವತ್ತು ವರ್ಷ ಕರಣೆ ಹಿಡಿದವರು. ಅವರು ಕೆಲಸ ಕಲಿತದ್ದು ನಮ್ಮ ತಾತನ ಹತ್ತಿರ, ಸುಣ್ಣದ ಗಾರೆಯ ಕಾಲದಲ್ಲಿ. ಗಾಣಕ್ಕೆ ಎತ್ತು ಕಟ್ಟಿ ಸುಣ್ಣ, ಮರಳು ಅರೆಯುತ್ತಿದ್ದರಂತೆ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುತ್ತಿದ್ದರಂತೆ. ಆಮೇಲೆ ಸಿಮೆಂಟು ಬಂತು. ಅಪ್ಪ ಮಾಡಿದ ಕೆಂಪು ನೆಲಗಳು ಇನ್ನೂ ಕೆಲವು ಮನೆಗಳಲ್ಲಿವೆ, ಮುಖ ಕಾಣುವ ಹಾಗೆ. ಆ ನೆಲ ಉಜ್ಜಿ ಉಜ್ಜಿ ಅವರ ಬಲಮಂಡಿ ಹೋಗಿದೆ. ಆ ಹೋಟೆಲ್ ಗೋಡೆ ಮೇಲೆ ಕೈಯಿಟ್ಟಾಗ ನನಗೆ ನೆನಪಾದದ್ದು ಆ ಮಂಡಿ.

ಆಮೇಲೆ ನಾನು ಹೋಟೆಲ್ ನೋಡಿದ ರೀತಿಯೇ ಬೇರೆಯಾಯಿತು. ಅಲ್ಲಿನ ಜೆಲ್ಲಿಜ್ ಇದೆಯಲ್ಲ, ನಕ್ಷತ್ರದ ಆಕಾರದ ಬಣ್ಣದ ಹೆಂಚಿನ ಚೂರುಗಳು. ಅದನ್ನು ಒಂದೊಂದಾಗಿ ಸುತ್ತಿಗೆಯಲ್ಲಿ ಕತ್ತರಿಸುತ್ತಾರೆ. ಜೋಡಿಸುವಾಗ ಬಣ್ಣದ ಮುಖ ಕೆಳಗೆ ಇರುತ್ತದೆ! ಜೋಡಿಸುವವನಿಗೆ ಕಾಣುವುದು ಬರೀ ಮಣ್ಣಿನ ಬೆನ್ನು. ನಕ್ಷೆಯೆಲ್ಲ ತಲೆಯಲ್ಲಿ. ಹಿಂದೆ ಗಾರೆ ಸುರಿದು, ಒಣಗಿದ ಮೇಲೆ ಎತ್ತಿ ನಿಲ್ಲಿಸಿದಾಗಲೇ ತಪ್ಪು ಒಪ್ಪು ಗೊತ್ತಾಗುವುದು. ಒಂದು ಓಣಿಯಲ್ಲಿ ಇಬ್ಬರು ಹುಡುಗರು ನೆಲದ ಮೇಲೆ ಕೂತು ಚೂರು ಕತ್ತರಿಸುತ್ತಿದ್ದರು. ಮುಕ್ಕಾಲು ಗಂಟೆ ನೋಡುತ್ತಾ ನಿಂತಿದ್ದೆ. ಒಂದು ಚೂರೂ ಹಾಳಾಗಲಿಲ್ಲ.

ಇಂಥ ಕೆಲಸ ಬಲ್ಲ ಗುರುವನ್ನು ಅಲ್ಲಿ ಮಾಲೆಮ್ ಅನ್ನುತ್ತಾರೆ. ಈ ವಿದ್ಯೆ ಉಳಿದದ್ದು ಸುಮ್ನೆ ಅಲ್ಲ. ಕೆಲಸ ಕೊಡುವವರು ಇದ್ದರು. 1993ರಲ್ಲಿ ಮುಗಿದ ಕಾಸಾಬ್ಲಾಂಕಾದ, ರಾಜ ಎರಡನೇ ಹಸನ್ ಹೆಸರಿನ ಮಸೀದಿಗೆ ಸಾವಿರಾರು ಮಂದಿ ಕುಶಲಕರ್ಮಿಗಳು ವರ್ಷಗಟ್ಟಲೆ ದುಡಿದಿದ್ದಾರೆ. 2010ರಲ್ಲಿ ಮರಾಕೆಶ್‌ನಲ್ಲೇ ರಾಯಲ್ ಮನ್ಸೂರ್ ಅನ್ನುವ ಇನ್ನೊಂದು ಹೋಟೆಲ್ ಶುರುವಾಯಿತು. ರಾಜರೇ ಕಟ್ಟಿಸಿದ್ದು. ಅಲ್ಲಿ ಕೋಣೆಗಳ ಬದಲು 53 ರಿಯಾದ್‌ಗಳಿವೆ, ಎಲ್ಲ ಕೈಕೆಲಸ. ದುಡ್ಡಿದ್ದವರು ಕೈಕೆಲಸಕ್ಕೆ ದುಡ್ಡು ಕೊಟ್ಟರೆ ಮಾತ್ರ ಅಪ್ಪನ ಹತ್ತಿರ ಮಗ ಕಲಿಯುತ್ತಾನೆ.

ಚಿಕ್ಕಮ್ಮ, ನನ್ನ ಉತ್ತರ ಇದು. ಆ ದುಡ್ಡು ವೇಸ್ಟ್ ಅಂತ ನನಗೆ ಒಂದು ಕ್ಷಣಕ್ಕೂ ಅನ್ನಿಸಲಿಲ್ಲ. ನಮ್ಮಲ್ಲಿ ಮನೆ ಕಟ್ಟುವವರು ಇಟಲಿಯ ಮಾರ್ಬಲ್‌ಗೆ ಕೇಳಿದಷ್ಟು ಕೊಡುತ್ತಾರೆ. ಗಾರೆಯವರ ಕೂಲಿಗೆ ಮಾತ್ರ ಐವತ್ತು ರೂಪಾಯಿ ಚೌಕಾಸಿ ಮಾಡುತ್ತಾರೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಶನಿವಾರ ಬಟವಾಡೆಗೆ ಹೋಗಿ ನಿಂತವಳು ನಾನು. ಅದು ಹೇಗಿರುತ್ತದೆ ಅಂತ ನನಗೆ ಗೊತ್ತು.

ಅಲ್ಲಿ ಎಲ್ಲವೂ ಸರಿ ಇದೆ ಅಂತ ಹೇಳುತ್ತಿಲ್ಲ. ವರ್ಷಗಟ್ಟಲೆ ಬರ ಕಂಡ ದೇಶ ಅದು. ಊರಲ್ಲಿ ಸಾಲಾಗಿ ಇರುವ ದೊಡ್ಡ ಹೋಟೆಲ್‌ಗಳ ಈಜುಕೊಳ ನೋಡಿದಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಇನ್ನೊಂದು ವಿಷಯ ಹೆಸರು. ತೋಟಕ್ಕೆ ರಾಜಕುಮಾರನ ಹೆಸರಿದೆ. ಬಾರ್‌ಗೆ ಚರ್ಚಿಲ್ ಹೆಸರಿದೆ. ನಕ್ಷೆ ಹಾಕಿದವರ ಹೆಸರು ನನಗೇ ಬಾಯಿಪಾಠ ಆಗಿದೆ. ನಾನು ಓದಿದ ಕಡೆಯೆಲ್ಲ ಹುಡುಕಿದೆ, ಗೋಡೆ ಉಜ್ಜಿದ ಒಬ್ಬ ಮಾಲೆಮ್ ಹೆಸರೂ ಸಿಗಲಿಲ್ಲ. ಒಂದು ಹೋಟೆಲ್ ಮೇಲೆ ಹೊರಿಸುವ ತಪ್ಪಲ್ಲ ಇದು, ಜಗತ್ತೆಲ್ಲ ಹೀಗೇ ಇದೆ. ಹಳೆ ಮನೆಗಳ ಹಣೆಯ ಮೇಲೆ ಗಾರೆಯಲ್ಲಿ 'ಶ್ರೀ ಲಕ್ಷ್ಮೀ ನಿಲಯ, 1971' ಅಂತೆಲ್ಲ ಅಕ್ಷರ ಮೂಡಿಸಿರುತ್ತಾರಲ್ವಾ? ನಮ್ಮಪ್ಪ ಅಂಥವು ಎಷ್ಟೋ ಮಾಡಿದ್ದಾರೆ. ಅಕ್ಷರ ದುಂಡಗೆ ಬರಲಿ ಅಂತ ಒಂದೊಂದಕ್ಕೂ ಅರ್ಧ ದಿನ ಕೂರುತ್ತಿದ್ದರು. ಅವರ ಹೆಸರು ಒಂದು ಗೋಡೆ ಮೇಲೂ ಇಲ್ಲ.

ನಾವು ಉಳಿದಿದ್ದ ರಿಯಾದ್‌ನ ಮೆಟ್ಟಿಲ ಗೋಡೆ 2023ರ ಸೆಪ್ಟೆಂಬರ್ ಭೂಕಂಪದಲ್ಲಿ ಬಿರುಕು ಬಿಟ್ಟಿತ್ತು. ಅಟ್ಲಾಸ್ ಹಳ್ಳಿಗಳಲ್ಲಿ ಮೂರು ಸಾವಿರದ ಹತ್ತಿರ ಜನ ಸತ್ತ ಭೂಕಂಪ ಅದು. ಆ ಗೋಡೆಯನ್ನು ಈಗ ಮತ್ತೆ ಮಾಡಿಸುತ್ತಿದ್ದರು. ಅರವತ್ತು ದಾಟಿದ ಒಬ್ಬ ಮಾಲೆಮ್ ಕಲ್ಲು ಹಿಡಿದು ಉಜ್ಜುತ್ತಿದ್ದರು. ಮಗಳು ಫ್ರೆಂಚ್‌ನಲ್ಲಿ ಹೇಳಿದಳು, ನಮ್ಮ ತಾತನೂ ಇದೇ ಕೆಲಸದವರು ಅಂತ. ಅವರು ನನ್ನ ಕೈ ತಿರುಗಿಸಿ ನೋಡಿ, ಕಲ್ಲು ಅಂಗೈಯಲ್ಲಿಟ್ಟರು. ಅಂಗೈ ಅಗಲ ಉಜ್ಜುವಷ್ಟರಲ್ಲಿ ನನ್ನ ಭುಜ ಬಿದ್ದುಹೋಯಿತು. ಶುರು ಮಾಡಿದ ಗೋಡೆಯನ್ನು ನಡುವೆ ಬಿಡುವಂತಿಲ್ಲವಂತೆ, ಬಿಟ್ಟರೆ ಸಂದು ಕಾಣುತ್ತದಂತೆ. ಹೆಸರು ಕೇಳಿದೆ. ನನ್ನ ಪುಸ್ತಕದಲ್ಲಿ ಅರಬ್ಬಿಯಲ್ಲಿ ಬರೆದುಕೊಟ್ಟರು. ಓದಲು ಬರುವುದಿಲ್ಲ, ಆದರೂ ದಿನಾ ಒಂದು ಸಲ ತೆಗೆದು ನೋಡುತ್ತೇನೆ.

ಊರಿಗೆ ಬಂದ ಮೇಲೆ ಅಪ್ಪನಿಗೆ ಫೋಟೊ ತೋರಿಸಿದೆ. ಅವರಿಗೀಗ ಎಂಬತ್ತನಾಲ್ಕು. ತೋಟಕ್ಕೆ "ಹ್ಞೂಂ" ಅಂದರು. ಹಿಮದ ಬೆಟ್ಟಕ್ಕೂ "ಹ್ಞೂಂ". ಬಚ್ಚಲುಮನೆ ಗೋಡೆ ಬಂದಾಗ ಫೋನನ್ನೇ ತಗೊಂಡರು. ಎರಡು ಬೆರಳಲ್ಲಿ ದೊಡ್ಡದು ಮಾಡಿ, ಸೀದಾ ಮೂಲೆಗೆ ಹೋದರು. ತುಂಬಾ ಹೊತ್ತು ನೋಡಿದರು.

"ಇದನ್ನ ಉಜ್ಜಿದೋನು ಎಡಚ ಕಣಮ್ಮ" ಅಂದರು. "ಗೆರೆ ನೋಡು, ಎಲ್ಲಾ ಈ ಕಡೆಯಿಂದ ಹತ್ತಿವೆ."