ಟ್ರೋಲ್‌ನ ಲೆಕ್ಕ ಪುಸ್ತಕದಲ್ಲಿರಲಿ, ಊರು ನಮಗೆ ಬಿಡಲಿ

ಕಳೆದ ಭಾನುವಾರ ಗದಗಿನ ನಮ್ಮ ಮನೆಯಲ್ಲಿ ಐದು ಜನ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ (ಒಬ್ಬರು ಕಥೆ ನಡೆಸಿ, ಉಳಿದವರು ಪಾತ್ರಗಳಾಗಿ ಡೈಸ್ ಉರುಳಿಸುವ ಆಟ) ಆಡೋಕೆ ಕೂತಿದ್ದೆವು. ಆಟ ನಡೆಸುವವಳು ನನ್ನ ತಂಗಿ. ಅವಳಿಗೆ ಇದು ಎರಡನೇ ಸಲ. ಲಕ್ಕುಂಡಿಯ ಮುಸುಕಿನ ಬಾವಿಯಂಥ ಒಂದು ಬಾವಿ, ಕೆಳಗಿನ ಮೆಟ್ಟಿಲ ಮೇಲೆ ಟ್ರೋಲ್ ಅನ್ನೋ ಒಂದು ರಾಕ್ಷಸ ಪ್ರಾಣಿ. ನಾವು ಕಡಿದಷ್ಟೂ ಅದರ ಗಾಯ ಮಾಯುತ್ತಿತ್ತು. ಪಕ್ಕದ ಮನೆಯ ಹುಡುಗ ಎದ್ದು ನಿಂತ. "ಅಕ್ಕಾರ, ನಾ ಪಂಜ ಒಗೀತೇನ್ರಿ!"

ತಂಗಿ ಆಟದ ಪ್ರಾಣಿಗಳ ಪುಸ್ತಕ (2014ರ ಆವೃತ್ತಿ) ನೋಡಿದಳು. ಟ್ರೋಲ್‌ಗೆ 84 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ತಡೆಯುವ ಜೀವಬಲ. ಪ್ರತಿ ಸರದಿಗೂ 10 ವಾಪಸ್ ಬರುತ್ತವೆ. ಬೆಂಕಿ ಅಥವಾ ಆಸಿಡ್ ತಾಗಿದರೆ ಮುಂದಿನ ಸರದಿಗೆ ಬರೋದಿಲ್ಲ. ಹತ್ತು ಸೆಕೆಂಡಿನಲ್ಲಿ ಉತ್ತರ ಸಿಕ್ಕಿತು, ಆಟ ನಿಲ್ಲಲಿಲ್ಲ.

ಇಷ್ಟು ವಿವರ ಪುಸ್ತಕದಲ್ಲಿ ಇರಲೇಬೇಕು. ಕೆಲವರು "ಹೆಸರು ಕೊಟ್ಟರೆ ಸಾಕು, ಉಳಿದದ್ದು ಕಲ್ಪಿಸಿಕೊಳ್ಳಿ" ಅಂತಾರೆ. ಈ ಆಟದ 1974ರ ಮೊದಲ ಆವೃತ್ತಿಯಲ್ಲಿ ಒಂದೊಂದು ಪ್ರಾಣಿಗೂ ಪಟ್ಟಿಯಲ್ಲಿ ಒಂದು ಸಾಲು, ಜೊತೆಗೆ ನಾಲ್ಕು ಮಾತು, ಅಷ್ಟೇ. ಅದನ್ನು ಕೊಂಡವರಲ್ಲಿ ಬಹಳಷ್ಟು ಜನ ಮೊದಲೇ ಯುದ್ಧದ ಆಟ ಆಡಿ ಪಳಗಿದವರು. ಇಲ್ಲಿ ಹೇಳಿಕೊಡುವವರೇ ಇಲ್ಲದೆ ಕಲಿಯುವ ಹುಡುಗಿಗೆ ಆ ಖಾಲಿ ಜಾಗ ಬರೀ ಹೊರೆ.

ಹಾಗಂತ ಎಲ್ಲವನ್ನೂ ತುಂಬಿಸಬೇಕಿಲ್ಲ. 1993ರ ಮಾನ್ಸ್‌ಟ್ರಸ್ ಮ್ಯಾನ್ಯುಯಲ್‌ನಲ್ಲಿ ಒಂದೊಂದಕ್ಕೂ ಸುಮಾರು ಒಂದು ಪುಟ. ಏನು ತಿನ್ನುತ್ತದೆ, ಎಲ್ಲಿರುತ್ತದೆ, ಹೇಗೆ ಬಾಳುತ್ತದೆ, ಎಲ್ಲ ಇದೆ. ರಾತ್ರಿ ಮಲಗಿಕೊಂಡು ಓದೋಕೆ ನನಗೂ ಇಷ್ಟ. ಆದರೆ ಡೈಸ್ ಕೈಯಲ್ಲಿ ಹಿಡಿದು ನಾಲ್ಕು ಜನ ಕಾಯುತ್ತಿರುವಾಗ ಅದರಲ್ಲಿ ಬೇಕಾದ ಒಂದು ಸಾಲು ಹುಡುಕಿ ನೋಡಿ, ಗೊತ್ತಾಗುತ್ತದೆ.

ನನಗೆ ನಿಜವಾಗಿ ಬೇಕಾದ ವಿವರ ಬೇರೆಯೇ ಇದೆ. ಈ ಪ್ರಾಣಿ ಯಾವಾಗ ಹೆದರಿ ಓಡುತ್ತದೆ? 1981ರ ಬೇಸಿಕ್ ಆವೃತ್ತಿಯಲ್ಲಿ ಇದಕ್ಕೆ ಮೊರೇಲ್ ಅಂತ 2ರಿಂದ 12ರವರೆಗೆ ಒಂದು ಅಂಕಿ ಇತ್ತು. ಗಾಬ್ಲಿನ್ ಅನ್ನೋ ಕುಳ್ಳ ಜೀವಿಗೆ 7. ಎರಡು ಡೈಸ್ ಉರುಳಿಸಿದಾಗ 7ಕ್ಕಿಂತ ಜಾಸ್ತಿ ಬಂದರೆ ಗಾಬ್ಲಿನ್‌ಗಳು ಜಾಗ ಬಿಡುತ್ತವೆ, ಇಲ್ಲವೇ ಶರಣಾಗುತ್ತವೆ. ಎಷ್ಟು ಸಣ್ಣ ಅಂಕಿ, ಎಷ್ಟು ದೊಡ್ಡ ಕೆಲಸ ಅಲ್ವಾ? 2014ರ ಆವೃತ್ತಿಯಲ್ಲಿ ಪ್ರಾಣಿಯ ವಿವರದ ಜೊತೆ ಆ ಅಂಕಿಯೇ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲ ಗಾಬ್ಲಿನ್‌ಗಳೂ ಸುಮ್ನೆ ಸಾಯುವ ತನಕ ಬಡಿದಾಡುತ್ತವೆ. ನನಗೆ ಇದು ಬೇಸರ ತರುತ್ತದೆ.

ಜಾಗ, ಹೆಸರು, ಕಥೆ ನಮ್ಮ ಹತ್ತಿರ ಬೇಕಾದಷ್ಟಿವೆ. ಬರುವ ಭಾನುವಾರ ತಂಗಿ ವಿಲ್-ಓ-ವಿಸ್ಪ್ ಅನ್ನೋ ತೇಲುವ ಬೆಳಕಿನ ದೆವ್ವ ತರುತ್ತಾಳೆ. 22 ಹಿಟ್ ಪಾಯಿಂಟ್, ಆರ್ಮರ್ ಕ್ಲಾಸ್ (ಪೆಟ್ಟು ತಾಗಿಸೋದು ಎಷ್ಟು ಕಷ್ಟ ಅನ್ನೋ ಅಂಕಿ) 19, ಎಲ್ಲ ಪುಸ್ತಕದ್ದೇ. ಪುಸ್ತಕ ಹೇಳುವ ಜೌಗು ನೆಲ ಮಾತ್ರ ಬೇಡ ಅಂದಿದ್ದಾಳೆ. ಅದು ರಾತ್ರಿ ಹೊತ್ತು ಎರಿ ಹೊಲದ ಬದುವಿನ ಮೇಲೆ ತೇಲುತ್ತದೆ. ಹೆಸರು ಕೊಳ್ಳಿದೆವ್ವ. ಚಕ್ಕಡಿ ಇಳಿದು ಬೆಳಕಿನ ಹಿಂದೆ ಹೋದವರನ್ನಷ್ಟೇ ಹಿಡಿಯುತ್ತದೆ, ನಮ್ಮಜ್ಜಿ ಹೇಳುತ್ತಿದ್ದ ಹಾಗೆ.