ಸತ್ಯಾಂಶ: ಇಬ್ಬರು ಸೇರಿ ಕದ್ದರೆ ಅದು ಸಂಘಟಿತ ಅಪರಾಧವೇ?

‘ಹೊಸ ಕಾನೂನಿನಲ್ಲಿ ಇಬ್ಬರು ಸೇರಿ ಏನೇ ತಪ್ಪು ಮಾಡಿದರೂ ಸಂಘಟಿತ ಅಪರಾಧ, ಕನಿಷ್ಠ ಜೀವಾವಧಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಇದು ಸರಿಯಲ್ಲ, ಆದರೆ ಪೂರ್ತಿ ಕಟ್ಟುಕಥೆಯೂ ಅಲ್ಲ.

2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಬದಲಿಗೆ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ, ಸಂಘಟಿತ ಅಪರಾಧ ಕೂಟ ಎನ್ನಲು ‘ಇಬ್ಬರು ಅಥವಾ ಹೆಚ್ಚು ಮಂದಿ’ ಸಾಕು ಎನ್ನುತ್ತದೆ. ಸಂದೇಶ ಅಲ್ಲಿಗೇ ನಿಂತುಬಿಟ್ಟಿದೆ. ಅದೇ ಕಲಂ ‘ಮುಂದುವರಿದ ಕಾನೂನುಬಾಹಿರ ಚಟುವಟಿಕೆ’ಯನ್ನೂ ಕೇಳುತ್ತದೆ: ಮೂರು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧವಾಗಿರಬೇಕು, ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಸಲ್ಲಿಕೆಯಾಗಿ, ನ್ಯಾಯಾಲಯ ಅವನ್ನು ಪರಿಗಣನೆಗೆ ತೆಗೆದುಕೊಂಡಿರಬೇಕು. ಕೃತ್ಯ ಕೂಟದ ಪರವಾಗಿ, ಲಾಭಕ್ಕಾಗಿ ನಡೆದಿರಬೇಕು. ಬೀದಿ ಜಗಳ ಇದಕ್ಕೆ ಒಗ್ಗುವುದೇ ಇಲ್ಲ.

ಶಿಕ್ಷೆಯ ಮಾತೂ ಅಷ್ಟೇ. ಜೀವಾವಧಿಯೇ ಕನಿಷ್ಠ ಶಿಕ್ಷೆಯಾಗುವುದು ಸಾವು ಸಂಭವಿಸಿದರೆ ಮಾತ್ರ; ಆಗ ಮರಣದಂಡನೆಯೂ ಆಗಬಹುದು. ಉಳಿದಂತೆ ಕನಿಷ್ಠ ಐದು ವರ್ಷ, ಗರಿಷ್ಠ ಜೀವಾವಧಿ, ದಂಡ ಐದು ಲಕ್ಷಕ್ಕೆ ಕಡಿಮೆಯಿಲ್ಲ. ಗ್ಯಾಂಗ್ ಕಟ್ಟಿಕೊಂಡು ಜೇಬುಗಳ್ಳತನ, ಸರಗಳ್ಳತನ, ಪ್ರಶ್ನೆಪತ್ರಿಕೆ ಮಾರಾಟ ಮಾಡಿದರೆ 112ನೇ ಕಲಂ: ಒಂದರಿಂದ ಏಳು ವರ್ಷ. ಕರ್ನಾಟಕಕ್ಕಂತೂ 2000ದ ‘ಕೋಕಾ’ (ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ) ಕಾಯ್ದೆ ಮೊದಲೇ ಇದೆ, ವಿಷಯವೇ ಹೊಸದೇನಲ್ಲ.

ಪರೀಕ್ಷಿಸುವುದು ಸುಲಭ. ಸಂದೇಶದಲ್ಲಿ ಕಲಂ ಸಂಖ್ಯೆ ಇದೆಯೇ ನೋಡಿ. ಇದ್ದರೆ ಸರ್ಕಾರದ ಕಾನೂನು ಸಂಗ್ರಹವಾದ ‘ಇಂಡಿಯಾ ಕೋಡ್’ ಜಾಲತಾಣದಲ್ಲಿ ಆ ಕಲಮನ್ನು ಉಪಕಲಂ, ವಿವರಣೆಗಳ ಸಮೇತ ಓದಿ. ಷರತ್ತುಗಳು ಅಡಗಿರುವುದು ವಿವರಣೆಯಲ್ಲೇ. ನಿರ್ದಿಷ್ಟ ಪ್ರಕರಣದ ಮಾತಾದರೆ ಎಫ್‌ಐಆರ್ ಪ್ರತಿಯಲ್ಲಿ ಯಾವ ಕಲಂ ಹಾಕಿದ್ದಾರೆಂದು ನೋಡಿ.